ಹಿತ್ತಲಲ್ಲಿ ಸಿಹಿ ಕುಂಬಳಕಾಯಿ: ಬೀಜ ಊರೋದ್ರಿಂದ ಅಟ್ಟಕ್ಕೆ ಏರಿಸೋವರೆಗೂ

ಬಳ್ಳಿ ಚೆನ್ನಾಗಿ ಹಬ್ಬಿದೆ, ದಿನಾ ಏಳೆಂಟು ಹೂವು ಬಿಡುತ್ತೆ, ಹೀಚೂ ಕಾಣಿಸುತ್ತೆ, ಆದ್ರೆ ನಾಲ್ಕು ದಿನಕ್ಕೆ ಹಳದಿಗೆ ತಿರುಗಿ ಉದುರಿ ಹೋಗುತ್ತೆ, ಏನ್ ಮಾಡ್ಲಿ ಅಂತ ಕೇಳೋರು ತುಂಬಾ ಜನ. ಕುಂಬಳ ಬೆಳೆಯೋದು ಕಷ್ಟ ಅಲ್ಲ, ನಮ್ ಕಡೆ ತಿಪ್ಪೆ ಮೇಲೆ ಯಾರೂ ಬಿತ್ತದೇನೇ ಹುಟ್ಕೊಂಡು ಗುಡಿಸಲು ಮೇಲೆಲ್ಲಾ ಹಬ್ಬಿ ಕಾಯಿ ಬಿಟ್ಟಿರುತ್ತೆ. ಕಷ್ಟ ಇರೋದು ಹೂವು ಕಾಯಿ ಆಗಿ ನಿಲ್ಲೋದ್ರಲ್ಲಿ, ಅದಕ್ಕೆ ಬೇಕಾಗಿರೋದು ಗೊಬ್ಬರ ಅಲ್ಲ, ಔಷಧಿ ಅಲ್ಲ, ಬೆಳಗ್ಗೆ ಬೇಗ ಎದ್ದು ಬಳ್ಳಿ ಹತ್ರ ಹೋಗೋದು. ಇದನ್ನ ಮೊದಲೇ ಹೇಳ್ತಿದೀನಿ, ಮುಂದೆ ಎಲ್ಲಾ ವಿವರವಾಗಿ ಬರುತ್ತೆ.

ನಮ್ಮ ಮನೆ ಇರೋದು ಶಿಡ್ಲಘಟ್ಟದ ಹತ್ರ ಒಂದು ಹಳ್ಳೀಲಿ, ಮನೆ ಹಿಂದೆ ಕೆಮ್ಮಣ್ಣಿನ ಹಿತ್ತಲು, ಬೋರ್‌ವೆಲ್ ನೀರು, ಸುತ್ತ ಹಿಪ್ಪುನೇರಳೆ ತೋಟಗಳು. ನಾನು ಬರೆಯೋದು ಈ ಮಣ್ಣಿಗೆ, ಈ ಹವೆಗೆ ಹೊಂದೋ ಹಾಗೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೇಲಿ ಹೆಚ್ಚು ಕಮ್ಮಿ ಇದೇ ಪರಿಸ್ಥಿತಿ: ಕೆಂಪು ಮಣ್ಣು, ಮಳೆ ಕಮ್ಮಿ, ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಬೀಳೋದು.

ಯಾವ ಬೀಜ

ಕುಂಬಳ ಅಂದ್ರೆ ಎರಡು. ಒಂದು ಬೂದುಗುಂಬಳ, ಆಯುಧ ಪೂಜೆಗೆ ಒಡೆಯೋದು, ಮಜ್ಜಿಗೆ ಹುಳಿಗೆ ಹಾಕೋದು, ಮುಟ್ಟಿದ್ರೆ ಮೈಗೆಲ್ಲಾ ಬಿಳಿ ಬೂದಿ ಅಂಟುತ್ತೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಗಾದೆ ಬಂದಿರೋದು ಆ ಬೂದಿಯಿಂದಾನೇ. ಇನ್ನೊಂದು ಸಿಹಿಗುಂಬಳ, ಒಳಗೆ ಕೇಸರಿ ಬಣ್ಣ ಇರೋದು. ನಾನು ಹೇಳ್ತಿರೋದು ಈ ಸಿಹಿಗುಂಬಳದ್ದು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಟ್ಟಿರೋ ಎರಡು ತಳಿ ಮನೆ ತೋಟಕ್ಕೆ ತುಂಬಾ ಚೆನ್ನಾಗಿವೆ. ಅರ್ಕಾ ಸೂರ್ಯಮುಖಿ ಅಂತ ಒಂದು, ಸುಮಾರು 1 ಕೆಜಿ ತೂಗೋ ಪುಟ್ಟ ಚಪ್ಪಟೆ ಕಾಯಿ, ಸಂಸಾರ ಚಿಕ್ಕದಿದ್ರೆ ಇದೇ ಸರಿ, ಒಂದು ಹೊತ್ತಿಗೆ ಒಂದು ಕಾಯಿ ಮುಗಿಯುತ್ತೆ, ಅರ್ಧ ಕಾಯಿ ಫ್ರಿಜ್ಜಲ್ಲಿ ಕೂತು ಹಾಳಾಗೋದಿಲ್ಲ, ಜೊತೆಗೆ ಹಣ್ಣಿನ ನೊಣಾನ ತಡ್ಕೊಳ್ಳೋ ಶಕ್ತಿ ಇದಕ್ಕೆ ಜಾಸ್ತಿ. ಇನ್ನೊಂದು ಅರ್ಕಾ ಚಂದನ್, 2ರಿಂದ 3 ಕೆಜಿ ಬರುತ್ತೆ, ತಿರುಳು ಗಟ್ಟಿ, ಬಣ್ಣ ಒಳ್ಳೆ ಕೇಸರಿ. ಇವು ಹೈಬ್ರಿಡ್ ಅಲ್ಲ, ಹಾಗಾಗಿ ನೀವೇ ಬೀಜ ತೆಗೆದು ಮುಂದಿನ ವರ್ಷ ಹಾಕ್ಬಹುದು. ಅದಕ್ಕಿಂತ ಸುಲಭ ಅಂದ್ರೆ ಊರಲ್ಲಿ ಯಾರ ಮನೇಲಾದ್ರೂ ವರ್ಷ ವರ್ಷ ಬೆಳೀತಿರೋ ನಾಟಿ ಬೀಜ ಕೇಳಿ ಇಸ್ಕೊಳ್ಳಿ. ಹೋದ್ ಸಲ ಒಂದು ಅಂಗಡೀಲಿ ಪ್ಯಾಕೆಟ್ ಬೀಜ ತಂದು ಹಾಕಿದ್ದೆ, 10ಕ್ಕೆ 3 ಹುಟ್ತು, ಆಮೇಲೆ ಪ್ಯಾಕೆಟ್ ತಿರುಗಿಸಿ ನೋಡಿದ್ರೆ ಅವಧಿ ಮುಗಿದು ಒಂದು ವರ್ಷ ಆಗಿತ್ತು. ಅದಕ್ಕೇ ಡೇಟ್ ನೋಡಿ ತಗೊಳ್ಳಿ.

ಸಂತೆಯಿಂದ ತಂದ ಕಾಯಿ ಬೀಜಾನೂ ಹುಟ್ಟುತ್ತೆ, ಆದ್ರೆ ಈಗ ಮಾರ್ಕೆಟ್ಟಿಗೆ ಬರೋದ್ರಲ್ಲಿ ಹೈಬ್ರಿಡ್ ಜಾಸ್ತಿ, ಅದರ ಮರಿ ಹೇಗೆ ಬರುತ್ತೋ ಹೇಳೋಕಾಗಲ್ಲ. ಮೂರ್ನಾಲ್ಕು ತಿಂಗಳು ನೀರು ಹಾಕಿ ಕಾಯೋ ಕೆಲಸಕ್ಕೆ ಬೀಜದ ವಿಷಯದಲ್ಲಿ ಚೌಕಾಸಿ ಬೇಡ.

ಯಾವಾಗ ಹಾಕೋದು

ಎರಡು ಕಾಲ. ಮುಂಗಾರಿಗೆ ಅಂದ್ರೆ ಮೃಗಶಿರಾ ಮಳೆ ಹೊತ್ತಿಗೆ, ಜೂನ್ ಮೊದಲೆರಡು ವಾರ. ಬೇಸಿಗೆಗೆ ಅಂದ್ರೆ ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದೊಳಗೆ. ಬಿತ್ತಿದ್ರಿಂದ ಬಲಿತ ಕಾಯಿ ಕೀಳೋಕೆ ತಳಿ ನೋಡ್ಕೊಂಡು 100ರಿಂದ 125 ದಿನ ಬೇಕು, ಆ ಲೆಕ್ಕ ಹಾಕ್ಕೊಳ್ಳಿ.

ನನಗೆ ಇಷ್ಟ ಜೂನ್. ಕಾರಣ ಇದೆ. ಜೂನ್ ಮೊದಲಲ್ಲಿ ಊರಿದ್ರೆ ಜುಲೈ ಕೊನೆ, ಆಗಸ್ಟಲ್ಲಿ ಹೆಣ್ಣು ಹೂವು ಬರುತ್ತೆ, ಆಗ ತುಂತುರು ಮಳೆ ಇದ್ರೂ ಬೆಳಗ್ಗೆ ಹೊತ್ತು ಹೂವು ನೆನೆದು ಹಾಳಾಗೋವಷ್ಟು ಜಡಿ ಇರಲ್ಲ. ತಡ ಮಾಡಿ ಆಗಸ್ಟಲ್ಲಿ ಹಾಕಿದ್ರೆ ಹೂವು ಬಿಡೋದೂ ಹಸ್ತೆ ಚಿತ್ತೆ ಮಳೆ ಹೊಡೆಯೋದೂ ಒಟ್ಟಿಗೆ ಬಂದು ಪರಾಗ ತೊಳೆದೋಗುತ್ತೆ, ಎಲೆಗೆ ರೋಗ ಬೇರೆ. ಜೂನಲ್ಲಿ ಹಾಕಿದ್ದು ಪಿತೃಪಕ್ಷದ ಹೊತ್ತಿಗೆ ಕೈಗೆ ಬರುತ್ತೆ, ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಕುಂಬಳಕಾಯಿ ಇಲ್ದೆ ಅಡುಗೆ ಇಲ್ಲ, ಆ ವಾರ ಸಂತೇಲಿ ರೇಟು ಕೇಳೋಹಾಗಿಲ್ಲ.

ಬೇಸಿಗೆ ಬೆಳೆಗೆ ನೀರು ಜಾಸ್ತಿ ಬೇಕು. ಕೆಂಪು ದುಂಬಿ ಕಾಟಾನೂ ಆಗಲೇ ಜಾಸ್ತಿ. ಬೋರ್‌ವೆಲ್ ಕೈ ಕೊಡೋ ಊರಾದ್ರೆ ಬೇಸಿಗೇಲಿ ಹಾಕ್ಬೇಡಿ.

ಜಾಗ, ಗುಣಿ, ಗೊಬ್ಬರ

ದಿನಕ್ಕೆ 6 ಗಂಟೆಯಾದ್ರೂ ನೇರ ಬಿಸಿಲು ಬೀಳ್ಬೇಕು. ತೆಂಗಿನ ಮರದ ನೆರಳಲ್ಲಿ, ಕಾಂಪೌಂಡ್ ಪಕ್ಕ ಮಧ್ಯಾಹ್ನದವರೆಗೂ ನೆರಳಿರೋ ಕಡೆ ಹಾಕಿದ್ರೆ ಎಲೆ ಮಾತ್ರ ಕೊಡೆ ಹಾಗೆ ಬರುತ್ತೆ. ಒಂದು ಬಳ್ಳಿ 12ರಿಂದ 15 ಅಡಿ ಆರಾಮಾಗಿ ಹೋಗುತ್ತೆ, ಹಾಗಾಗಿ ಗುಣಿಯಿಂದ ಗುಣಿಗೆ 7–8 ಅಡಿ ಬಿಡಿ. ಜಾಗ ಕಮ್ಮಿ ಅಂದ್ರೆ ಎರಡೇ ಗುಣಿ ಮಾಡಿ, ಆದ್ರೆ ಒಂದೇ ಗುಣಿ ಬೇಡ, ಯಾಕೆ ಅಂತ ಹೂವಿನ ಹತ್ರ ಹೇಳ್ತೀನಿ.

ಗುಣಿ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ನಮ್ಮ ಕೆಮ್ಮಣ್ಣು ಬೇಸಿಗೇಲಿ ಸಿಮೆಂಟ್ ಆಗಿರುತ್ತೆ, ಹಾರೆ ಹಾಕಿದ್ರೆ ಠಣ್ ಅನ್ನುತ್ತೆ, ಅದಕ್ಕೆ ಹಿಂದಿನ ದಿನ ರಾತ್ರಿ ನಾಲ್ಕು ಬಿಂದಿಗೆ ನೀರು ಸುರಿದು ಬಿಟ್ಟು ಬೆಳಗ್ಗೆ ಅಗೆದ್ರೆ ಸುಲಭ. ಗುಣಿ ತೆಗೆದು ಒಂದು ವಾರ ಬಿಸಿಲಿಗೆ ಹಾಗೇ ಬಿಡಿ. ಆಮೇಲೆ ಮೇಲ್ಮಣ್ಣಿಗೆ ಚೆನ್ನಾಗಿ ಕಳಿತಿರೋ ಕೊಟ್ಟಿಗೆ ಗೊಬ್ಬರ ಒಂದು ದೊಡ್ಡ ಮಂಕರಿ, ಅಂದ್ರೆ ಸುಮಾರು 10 ಕೆಜಿ, ಬೇವಿನ ಹಿಂಡಿ ಇಲ್ಲಾಂದ್ರೆ ಹೊಂಗೆ ಹಿಂಡಿ ಕಾಲು ಕೆಜಿ ಬೆರೆಸಿ ತುಂಬಿ. ಕೆರೆಗೋಡು, ಅಂದ್ರೆ ಕೆರೆ ತಳದ ಹೂಳು ಮಣ್ಣು, ಸಿಕ್ಕಿದ್ರೆ ಒಂದು ಬಾಂಡ್ಲಿ ಸೇರಿಸಿ, ನಮ್ಮ ಕೆಮ್ಮಣ್ಣಲ್ಲಿ ತೇವ ಹಿಡಿಯೋಕೆ ಅಷ್ಟು ಒಳ್ಳೇದು ಇನ್ನೊಂದಿಲ್ಲ.

ನಮ್ಮೂರ ಕಡೆ ಇರೋರಿಗೆ ಇನ್ನೊಂದು ಭಾಗ್ಯ ಇದೆ, ರೇಷ್ಮೆ ಮನೆ ಕಸ. ಹುಳದ ಹಿಕ್ಕೆ, ತಿಂದು ಬಿಟ್ಟ ಸೊಪ್ಪಿನ ಕಡ್ಡಿ, ಇದು ಕೊಳೆತರೆ ಒಳ್ಳೆ ಸಾರ ಇರೋ ಗೊಬ್ಬರ. ಆದ್ರೆ ಹಸೀದು ತಂದು ಗುಣಿಗೆ ಹಾಕ್ಲೇಬೇಡಿ, ಕಾವು ಎದ್ದು ಬೇರು ಸುಟ್ಟೋಗುತ್ತೆ. ಸಗಣಿ ನೀರು ಚಿಮುಕಿಸಿ ಗುಡ್ಡೆ ಹಾಕಿ ಮೇಲೆ ಮಣ್ಣು ಮುಚ್ಚಿ ಮೂರ್ನಾಲ್ಕು ತಿಂಗಳು ಬಿಡಬೇಕು, ಕೈಯಲ್ಲಿ ಹಿಡಿದ್ರೆ ಟೀ ಪುಡಿ ಹಾಗೆ ಉದುರಬೇಕು, ವಾಸನೆ ಇರಬಾರದು, ಆಗ ಹಾಕಿ.

ತಾರಸಿ ಮೇಲೆ ಬೆಳೆಸೋರು ಸಣ್ಣ ಕಾಯಿ ತಳಿ ತಗೊಂಡು 60 ಲೀಟರ್ ಹಿಡಿಯೋ ಡ್ರಮ್ಮಲ್ಲಿ ಒಂದೇ ಗಿಡ ಹಾಕಿ. ಪೇಂಟ್ ಬಕೆಟ್ ಸಾಲಲ್ಲ.

ಬೀಜ ಊರೋದು, ಮೊದಲ ಇಪ್ಪತ್ತು ದಿನ

ಬೀಜಾನ ರಾತ್ರಿ ನೀರಲ್ಲಿ ನೆನೆಸಿ, ಬೆಳಗ್ಗೆ ಒದ್ದೆ ಬಟ್ಟೇಲಿ ಕಟ್ಟಿ ಒಂದು ದಿನ ಬೆಚ್ಚಗೆ ಇಟ್ರೆ ಮೊಳಕೆ ಮೂತಿ ಕಾಣುತ್ತೆ. ಒಂದೊಂದು ಗುಣಿಗೆ 4 ಬೀಜ, ಬೆರಳಿನ ಎರಡು ಗೆಣ್ಣಷ್ಟು ಆಳ ಬೇಡ, ಒಂದು ಇಂಚು ಸಾಕು, ಅಡ್ಡ ಮಲಗಿಸಿ ಮಣ್ಣು ಮುಚ್ಚಿ. ನಾಲ್ಕೂ ಒಂದೇ ಕಡೆ ಬೇಡ, ಒಂದು ಗೇಣು ದೂರ ದೂರ ಇರಲಿ. 5ರಿಂದ 8 ದಿನಕ್ಕೆ ಹುಟ್ಟುತ್ತೆ. ಇಲಿ, ಅಳಿಲು ರಾತ್ರೋರಾತ್ರಿ ಬೀಜ ತೋಡ್ಕೊಂಡು ಹೋಗುತ್ವೆ, ನವಿಲು ಬರೋ ಊರಲ್ಲಿ ಎಳೆ ಸಸೀನೂ ಉಳಿಯಲ್ಲ, ಅದಕ್ಕೆ ಮೇಲೆ ಜಾಲಿ ಮುಳ್ಳು ಕವುಚಿ ಇಡಿ, ಎರಡು ನಿಜ ಎಲೆ ಬಂದ್ಮೇಲೆ ತೆಗೀಬಹುದು.

ನಾಲ್ಕೆಲೆ ಆದಾಗ ಗುಣಿಗೆ ಚೆನ್ನಾಗಿರೋ 2 ಸಸಿ ಉಳಿಸಿ ಉಳಿದಿದ್ದನ್ನ ಕತ್ತರೀಲಿ ಬುಡಕ್ಕೆ ಕತ್ತರಿಸಿ. ಕೀಳಬೇಡಿ, ಪಕ್ಕದ್ದರ ಬೇರು ಅಲ್ಲಾಡುತ್ತೆ. ಕುಂಬಳಕ್ಕೆ ಬೇರು ಮುಟ್ಟಿದ್ರೆ ಆಗಲ್ಲ, ಆ ಕಾರಣಕ್ಕೇ ಸಸಿ ಮಾಡಿ ನೆಡೋದಕ್ಕಿಂತ ಗುಣೀಲೇ ಬಿತ್ತೋದು ವಾಸಿ.

ಈ ದಿನಗಳಲ್ಲಿ ಬರೋ ಶತ್ರು ಕೆಂಪು ದುಂಬಿ. ಹೆಚ್ಚು ಕಮ್ಮಿ ಭತ್ತದ ಕಾಳಷ್ಟು ಉದ್ದ ಇರುತ್ತೆ, ಕಿತ್ತಳೆ ಕೆಂಪು, ಎಲೇಲಿ ತೂತು ತೂತು ಮಾಡಿ ಎರಡು ದಿನಕ್ಕೆ ಜರಡಿ ಮಾಡ್ಬಿಡುತ್ತೆ. ಬೆಳಗ್ಗೆ ಇಬ್ಬನಿ ಇರೋವಾಗ ಅದು ಜಡವಾಗಿ ಕೂತಿರುತ್ತೆ, ಬಿಸಿಲೇರಿದ್ರೆ ಹಾರುತ್ತೆ, ಹಾಗಾಗಿ 7 ಗಂಟೆಯೊಳಗೆ ಹೋಗಿ ಸೋಪ್ ನೀರಿನ ಡಬ್ಬಕ್ಕೆ ಕೆಡವಿಬಿಡಿ. ಇಬ್ಬನಿ ಇರೋವಾಗಲೇ ಜರಡಿ ಹಿಡಿದ ಒಲೆ ಬೂದಿ ತೆಳ್ಳಗೆ ಉದುರಿಸಿದ್ರೆ ಎಲೆಗೆ ಅಂಟ್ಕೊಳ್ಳುತ್ತೆ, ದುಂಬಿ ಬಾಯಿ ಹಾಕಲ್ಲ. ಒಂದು ತಿಂಗಳು ದಾಟಿದ್ರೆ ಗಿಡಕ್ಕೆ ಶಕ್ತಿ ಬಂದಿರುತ್ತೆ, ಆಮೇಲೆ ಅದು ಸ್ವಲ್ಪ ತಿಂದ್ರೂ ಅಷ್ಟು ಭಯ ಇಲ್ಲ.

ಬಳ್ಳಿ ಹಬ್ಬೋವಾಗ

ನೀರು ಮಳೆಗಾಲದಲ್ಲಿ ಮಳೆ ತಪ್ಪಿದ್ರೆ ಮಾತ್ರ, ಬೇಸಿಗೇಲಿ ಮೂರು ದಿನಕ್ಕೊಂದು ಸಲ, ಪಾತಿ ತುಂಬಾ. ದಿನಾ ಒಂದೊಂದು ಚೆಂಬು ಹಾಕಿದ್ರೆ ಬೇರು ಮೇಲೇ ಉಳಿಯುತ್ತೆ, ಒಂದು ದಿನ ತಪ್ಪಿದ್ರೂ ಬಾಡುತ್ತೆ. ಮಧ್ಯಾಹ್ನ ಎಲೆ ಜೋತು ಬಿದ್ರೆ ಗಾಬರಿ ಆಗಿ ನೀರು ಸುರೀಬೇಡಿ, ಅಷ್ಟಗಲ ಎಲೆ ಬಿಸಿಲಿಗೆ ಬಾಡೋದು ಸಹಜ, ಸಂಜೆ 6ಕ್ಕೆ ನೋಡಿ, ಆಗಲೂ ಎದ್ದಿಲ್ಲ ಅಂದ್ರೆ ನೀರು ಬೇಕು ಅಂತ ಅರ್ಥ. ಎಲೆ ಮೇಲೆ ನೀರು ಹಾಕೋದು ಬೇಡವೇ ಬೇಡ. ಬುಡಕ್ಕೆ ರಾಗಿ ಹುಲ್ಲು ಹೊದಿಸಿ.

ಮೂಲ ಬಳ್ಳಿ 5–6 ಅಡಿ ಆದಾಗ ತುದಿ ಕುಡಿ ಚಿವುಟಿ. ಪಕ್ಕದಿಂದ ಕವಲು ಬರ್ತವೆ, ಹೆಣ್ಣು ಹೂವು ಜಾಸ್ತಿ ಬರೋದು ಆ ಕವಲಲ್ಲೇ. ಚಿವುಟಿದ ಕುಡೀನ ಎಸೀಬೇಡಿ, ಬಸ್ಸಾರಿಗೆ ಹಾಕೋಕೆ ಅದಕ್ಕಿಂತ ರುಚಿ ಸೊಪ್ಪಿಲ್ಲ, ನಾರು ಸುಲಿದು ಎಳೆ ಎಲೆ ಸಮೇತ ಹೆಚ್ಚಿ ಬೇಳೆ ಜೊತೆ ಬೇಯಿಸಿದ್ರೆ ಆಯ್ತು. ಬಳ್ಳಿ ನೆಲದ ಮೇಲೆ ಹೋಗೋವಾಗ ಅಲ್ಲಲ್ಲಿ ಗೆಣ್ಣಿನ ಮೇಲೆ ಒಂದು ಬೊಗಸೆ ಮಣ್ಣು ಹಾಕಿ, ಅಲ್ಲೂ ಬೇರು ಬಿಟ್ಟು ಗಿಡಕ್ಕೆ ಎರಡನೇ ಬಾಯಿ ಆಗುತ್ತೆ.

ಗೊಬ್ಬರ ಬಿತ್ತಿ 30 ದಿನ ಆದಾಗ ಒಂದು ಸಲ, ಹೂವು ಶುರು ಆದಾಗ ಇನ್ನೊಂದು ಸಲ, ಎರೆಹುಳ ಗೊಬ್ಬರ ಗುಣಿಗೆ ಎರಡು ಮೂರು ಬೊಗಸೆ ಸಾಕು. ಯೂರಿಯಾ ಬೇಡ. ಸಾರಜನಕ ಜಾಸ್ತಿ ಆದ್ರೆ ಬಳ್ಳಿ ಕಡು ಹಸಿರಾಗಿ ಕೊಬ್ಬುತ್ತೆ, ಗಂಡು ಹೂವೇ ಬರ್ತಾ ಇರುತ್ತೆ.

ಬೆಳಗ್ಗೆ ಆರು ಗಂಟೆ ಕೆಲಸ

ಈಗ ಮುಖ್ಯ ವಿಷಯ. ನಿಧಾನವಾಗಿ ಓದಿ.

ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ, ಎರಡೂ ಒಂದೇ ಬಳ್ಳೀಲಿ ಬರ್ತವೆ. ಗಂಡು ಹೂವು ಮೊದಲು ಬರುತ್ತೆ, ಉದ್ದ ತೆಳು ಕಡ್ಡಿ ಮೇಲೆ ನಿಂತಿರುತ್ತೆ, ಮಧ್ಯದಲ್ಲಿ ಒಂದೇ ಕಂಬ, ಅದಕ್ಕೆ ಹಳದಿ ಪುಡಿ ಅಂಟಿರುತ್ತೆ. ಹೆಣ್ಣು ಹೂವು ಗಿಡ್ಡ ತೊಟ್ಟಿನ ಮೇಲೆ, ಹೂವಿನ ಕೆಳಗೆ ಗೋಲಿ ಗಾತ್ರದ ಪುಟ್ಟ ಕುಂಬಳಾನೇ ಕೂತಿರುತ್ತೆ. ಅದೇ ಹೀಚು. ಜನ ಹೀಚು ನೋಡಿ ಕಾಯಿ ಆಯ್ತು ಅಂದ್ಕೋತಾರೆ, ಅದು ಇನ್ನೂ ಕಾಯಿ ಅಲ್ಲ, ಪರಾಗ ಸಿಕ್ಕಿದ್ರೆ ಕಾಯಿ, ಸಿಗದಿದ್ರೆ ಉದುರುತ್ತೆ. ಮೊದಲ 10–15 ದಿನ ಬರೀ ಗಂಡು ಹೂವು ಬಂದ್ರೆ ಬೇಜಾರ್ ಮಾಡ್ಕೋಬೇಡಿ, ಅದು ಅದರ ಪದ್ಧತಿ.

ಚಿಕ್ಕವಳಿದ್ದಾಗ ನಾನು ಹೀಚು ಎಣಿಸೋಕೆ ಕೈ ಚಾಚಿದ್ರೆ ನಮ್ಮಜ್ಜಿ "ಬೆರಳು ತೋರಿಸ್ಬೇಡ ಕಣೇ, ಕೊಳ್ತೋಗುತ್ತೆ" ಅಂತ ಕೈ ಮೇಲೆ ಹೊಡೀತಿದ್ರು. ಅಜ್ಜಿ ಕಂಡಿದ್ದು ಸುಳ್ಳಲ್ಲ, ಹೀಚು ಕೊಳೆತು ಉದುರೋದನ್ನ ಅವರು ವರ್ಷ ವರ್ಷ ನೋಡಿದ್ರು. ಆದ್ರೆ ಕಾರಣ ಬೆರಳಲ್ಲ, ದೃಷ್ಟೀನೂ ಅಲ್ಲ. ಆ ಹೂವು ಅರಳಿದ ಬೆಳಗ್ಗೆ ಅದರ ಹತ್ರ ಜೇನು ಬಂದಿಲ್ಲ, ಅಷ್ಟೇ.

ಕುಂಬಳದ ಪರಾಗ ಭಾರ, ಅಂಟಂಟು, ಗಾಳಿಗೆ ಹಾರಲ್ಲ. ಜೇನು ಬರಲೇಬೇಕು. ಹೂವು ನಸುಕಲ್ಲಿ ಅರಳಿ ಬಿಸಿಲೇರೋ ಹೊತ್ತಿಗೆ ಮುದುಡಿ ಹೋಗುತ್ತೆ, ಮತ್ತೆ ಅರಳಲ್ಲ. ಇಡೀ ಜನ್ಮಕ್ಕೆ ಆ ಹೆಣ್ಣು ಹೂವಿಗೆ ಇರೋದು ಒಂದೇ ಬೆಳಗ್ಗೆ, ಮೂರ್ನಾಲ್ಕು ಗಂಟೆ. ಆ ಹೊತ್ತಲ್ಲಿ ಮೋಡ ಮುಚ್ಚಿದ್ರೆ, ಜಿನುಗು ಮಳೆ ಇದ್ರೆ, ಪಕ್ಕದ ತೋಟದಲ್ಲಿ ಟೊಮ್ಯಾಟೊಗೆ ಔಷಧಿ ಹೊಡೆದಿದ್ರೆ ಜೇನು ಬರಲ್ಲ.

ಹಾಗಾಗಿ ನಾವೇ ಜೇನಿನ ಕೆಲಸ ಮಾಡೋದು. ಹಿಂದಿನ ದಿನ ಸಂಜೆ ಬಳ್ಳಿ ಸುತ್ತಾಡಿ, ನಾಳೆ ಅರಳೋ ಮೊಗ್ಗು ಗೊತ್ತಾಗುತ್ತೆ, ಹಸಿರು ಹೋಗಿ ತುದಿ ಅರಿಶಿನ ಬಣ್ಣಕ್ಕೆ ತಿರುಗಿ ಉಬ್ಬಿರುತ್ತೆ. ಹೆಣ್ಣು ಮೊಗ್ಗು ಎಲ್ಲೆಲ್ಲಿ ಅಂತ ನೆನಪಿಟ್ಕೊಳ್ಳಿ, ಎಲೆ ಕೆಳಗೆ ಅಡಗಿರುತ್ತೆ, ಪಕ್ಕ ಒಂದು ಕಡ್ಡಿ ನೆಟ್ಟು ಬಿಡಿ. ಬೆಳಗ್ಗೆ 6ರಿಂದ 8ರೊಳಗೆ ಹೋಗಿ. ಅರಳಿರೋ ಗಂಡು ಹೂವನ್ನ ಕಡ್ಡಿ ಸಮೇತ ಕಿತ್ತು, ದಳ ಎಲ್ಲಾ ಹಿಂದಕ್ಕೆ ಸುಲಿದು ಹಾಕಿ, ಮಧ್ಯದ ಕಂಬ ಮಾತ್ರ ಉಳೀಬೇಕು, ಬೆರಳಿಗೆ ತಾಗಿಸಿ ನೋಡಿ, ಹಳದಿ ಪುಡಿ ಅಂಟಿದ್ರೆ ಸರಿಯಾಗಿದೆ. ಅದನ್ನ ಕುಂಚ ಹಿಡಿದ ಹಾಗೆ ಹಿಡ್ಕೊಂಡು ಹೆಣ್ಣು ಹೂವಿನ ಒಳಗಿರೋ ಮೂರು ಹೋಳಿನ ಅಂಟು ಗಡ್ಡೆಗೆ ಸುತ್ತಲೂ ಮೆತ್ತಗೆ ಸವರಿ. ಒಂದೇ ಕಡೆ ತಾಗಿಸಿದ್ರೆ ಕಾಯಿ ಸೊಟ್ಟ ಬರುತ್ತೆ, ಆ ಕಡೆ ಮಾತ್ರ ಬೀಜ ಕಟ್ಟಿ ಇನ್ನೊಂದು ಕಡೆ ಕುಗ್ಗುತ್ತೆ. ಒಂದು ಹೆಣ್ಣಿಗೆ ಎರಡು ಮೂರು ಗಂಡು ಹೂವು ಬಳಸಿ, ಉಳಿದ ಗಂಡು ಹೂವು ಬೋಂಡಾ ಹಿಟ್ಟಿಗೆ ಅದ್ದಿ ಕರಿಯೋಕೆ ಬರುತ್ತೆ. ಮಳೆ ಬರೋ ಹಾಗಿದ್ರೆ ಸವರಿದ ಮೇಲೆ ದಳ ಒಟ್ಟು ಮಾಡಿ ಬಾಳೆ ನಾರಲ್ಲಿ ಸಡಿಲವಾಗಿ ಕಟ್ಟಿ.

ಒಂದೇ ಗುಣಿ ಬೇಡ ಅಂದಿದ್ದು ಇದಕ್ಕೇ, ಒಂದೆರಡೇ ಬಳ್ಳಿ ಇದ್ರೆ ಎಷ್ಟೋ ಸಲ ಹೆಣ್ಣು ಅರಳಿದ ದಿನ ಗಂಡು ಅರಳಿರಲ್ಲ, ನಿಂತು ನೋಡ್ಬೇಕಷ್ಟೇ. ನನಗೇ ಮೊದಲನೇ ವರ್ಷ ಹಾಗಾಯ್ತು. ಒಂದೇ ಬಳ್ಳಿ ಇತ್ತು, 8 ಹೀಚು ಬಂತು, 8ಕ್ಕೆ 8ಊ ಉದುರಿದ್ವು, ನಾನು ನೀರು ಕಮ್ಮಿ ಆಯ್ತೇನೋ ಅಂತ ಇನ್ನಷ್ಟು ನೀರು ಸುರಿದೆ. ಮುಂದಿನ ವರ್ಷ ಮೂರು ಗುಣಿ ಹಾಕಿ ಬೆಳಗ್ಗೆ ಬೆಳಗ್ಗೆ ಸವರಿದೆ, 11 ಕಾಯಿ ನಿಂತ್ವು.

ಸವರಿದ ಮೂರ್ನಾಲ್ಕು ದಿನಕ್ಕೆ ಗೊತ್ತಾಗುತ್ತೆ. ಹಿಡಿದಿದ್ರೆ ಹೀಚು ಹೊಳಪು ಹಸಿರಾಗಿ ನಿಂಬೆಕಾಯಿ ಗಾತ್ರ ಆಗುತ್ತೆ, ತೊಟ್ಟು ಕೆಳಗೆ ಬಾಗುತ್ತೆ. ಹಳದಿಗೆ ತಿರುಗಿ ತುದಿ ಮೆತ್ತಗಾದ್ರೆ ಹಿಡಿದಿಲ್ಲ, ಕಿತ್ತು ಹಾಕಿ. ಹಿಡಿದ ದಿನಾಂಕ ಒಂದು ಚೀಟಿ ಮೇಲೆ ಬರೆದು ತೊಟ್ಟಿನ ಹತ್ರ ಕಟ್ಟಿ, ಕೊಯ್ಯೋವಾಗ ಉಪಯೋಗ ಆಗುತ್ತೆ. 2–3 ಕೆಜಿ ತಳಿ ಆದ್ರೆ ಬಳ್ಳಿಗೆ ಮೂರು ನಾಲ್ಕು ಕಾಯಿ ಇರಲಿ ಸಾಕು, ಮೇಲೆ ಬಂದಿದ್ದನ್ನ ಎಳೇದಿದ್ದಾಗಲೇ ಕಿತ್ತು ಪಲ್ಯ ಮಾಡಿ.

ನೊಣ, ರೋಗ

ಕಾಯಿ ನಿಂತ ಮೇಲೆ ಬರೋ ತೊಂದರೆ ಹಣ್ಣಿನ ನೊಣ. ರೇಷ್ಮೆಯವರು ಊಜಿ ಅನ್ನೋದು ಹುಳಕ್ಕೆ ಬರೋ ನೊಣ, ಇದು ಬೇರೆ, ಹಾಗಲ ಹೀರೆಗೂ ಬರೋದು. ಎಳೆ ಕಾಯಿ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತೆ, ಚುಚ್ಚಿದ ಕಡೆ ಅಂಟಿನ ಹನಿ ಕಾಣುತ್ತೆ, ಒಳಗೆ ಬಿಳಿ ಹುಳ ಆಗಿ ಕಾಯಿ ಕೊಳೆಯುತ್ತೆ. ಒಳಗೆ ಹುಳ ಆದ್ಮೇಲೆ ಏನು ಹೊಡೆದ್ರೂ ಪ್ರಯೋಜನ ಇಲ್ಲ. ತಡೆಯೋದೊಂದೇ ದಾರಿ: ಹೀಚು ಹಿಡೀತು ಅಂತ ಗೊತ್ತಾದ ದಿನವೇ ಹಳೇ ಪಂಚೆ ಬಟ್ಟೇಲಿ ಚೀಲ ಹೊಲಿದು ಸಡಿಲವಾಗಿ ಮುಚ್ಚಿ, ತೆಂಗಿನಕಾಯಿ ಗಾತ್ರ ಆಗಿ ಸಿಪ್ಪೆ ಗಟ್ಟಿ ಆದ್ಮೇಲೆ ತೆಗೀರಿ.

ಮೋಹಕ ಬಲೆ, ಅಂದ್ರೆ ವಾಸನೆಯಿಂದ ನೊಣಾನ ಸೆಳೆದು ಹಿಡಿಯೋ ಬಲೆ, ತರೋರು ಒಂದು ವಿಷಯ ಗಮನಿಸಿ. ಮಾವಿನ ತೋಟಕ್ಕೆ ಕಟ್ಟೋ ಬಲೇಲಿ ಇರೋದು ಮೀಥೈಲ್ ಯೂಜಿನಾಲ್ ಅನ್ನೋ ವಾಸನೆ ಪದಾರ್ಥ, ಅದಕ್ಕೆ ಕುಂಬಳದ ನೊಣ ಬರಲ್ಲ. ಕುಂಬಳ ಜಾತಿಗೆ ಬೇಕಾಗಿರೋದು ಕ್ಯೂ ಲ್ಯೂರ್. ಅಂಗಡೀಲಿ ಬಾಯಿ ಬಿಟ್ಟು ಕೇಳಿ ತಗೊಳ್ಳಿ, ಹೀರೆ ಹಾಗಲದ ಬಲೆ ಅಂದ್ರೂ ಕೊಡ್ತಾರೆ. ಹಿತ್ತಲಿಗೆ ಒಂದು ಸಾಕು. ಕೊಳೆತ ಕಾಯಿ ತಿಪ್ಪೆಗೆ ಎಸೆದ್ರೆ ಹುಳ ಮಣ್ಣಿಗೆ ಇಳಿದು ಮತ್ತೆ ನೊಣ ಆಗಿ ಬರುತ್ತೆ, ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಸಿಲಲ್ಲಿ ಇಡಿ.

ಎಲೆ ಮೇಲೆ ಬಿಳಿ ಪುಡಿ ಕಂಡ್ರೆ ಅದು ಬೂದಿ ರೋಗ. ಹಾಲು ಒಂದು ಭಾಗ, ನೀರು ಒಂಬತ್ತು ಭಾಗ ಬೆರೆಸಿ ಬಿಸಿಲಿರೋ ಬೆಳಗ್ಗೆ ವಾರಕ್ಕೊಮ್ಮೆ ಸಿಂಪಡಿಸಿದ್ರೆ ಹತೋಟಿಗೆ ಬರುತ್ತೆ, ಮೊದಲ ಚುಕ್ಕೆ ಕಂಡಾಗಲೇ ಶುರು ಮಾಡ್ಬೇಕು. ದ್ರಾಕ್ಷಿಗೆ ಹೊಡೆಯೋ ಗಂಧಕ ಮನೇಲಿ ಉಳಿದಿದೆ ಅಂತ ಇದಕ್ಕೆ ಹೊಡೀಬೇಡಿ, ಬಿಸಿಲಿಗೆ ಕುಂಬಳದ ಎಲೆ ಸುಟ್ಟೋಗುತ್ತೆ. ಎಲೆ ಮುರುಟಿ ಹಳದಿ ಹಸಿರು ಚಿತ್ತಾರ ಬಂದ್ರೆ ನಂಜು ರೋಗ, ಔಷಧಿ ಇಲ್ಲ, ಆ ಗಿಡ ಕಿತ್ತು ಸುಡಿ.

ಬೇವಿನ ಎಣ್ಣೆ ಲೀಟರಿಗೆ 5 ಎಂಎಲ್, ಸ್ವಲ್ಪ ಸೋಪ್ ನೀರು, ಸಂಜೆ ಹೊತ್ತು ಹೊಡೀಬಹುದು, ಸಸ್ಯ ಹೇನು, ಬಿಳಿ ನೊಣದ ಕಾಟಕ್ಕೆ ಒಳ್ಳೇದು. ಆದ್ರೆ ಪಕ್ಕದಲ್ಲಿ ಹಿಪ್ಪುನೇರಳೆ ಇದ್ರೆ ಬೇವೂ ಬೇಡ. ಬೇವು ತಾಗಿದ ಸೊಪ್ಪು ರೇಷ್ಮೆ ಹುಳಕ್ಕೆ ಆಗಲ್ಲ, ಗಾಳಿಗೆ ಆ ಕಡೆ ಹೋದ್ರೆ ಪಕ್ಕದ ಮನೆಯವರ ರೇಷ್ಮೆ ಬೆಳೆ ಹಾಳಾಗಬಹುದು. ನಮ್ಮನೇಲಿ ಆ ಬದಿಯ ಬಳ್ಳಿಗೆ ಏನೂ ಹೊಡೆಯಲ್ಲ, ಕೈಯಲ್ಲೇ ಆರಿಸೋದು.

ಕೊಯ್ಯೋದು

ಬಲಿತ ಕಾಯಿಗೆ ಹೂವು ಹಿಡಿದ ದಿನದಿಂದ 40ರಿಂದ 50 ದಿನ, ಕಟ್ಟಿದ ಚೀಟಿ ನೋಡಿ. ಜೊತೆಗೆ ಕಾಯೀನೇ ಹೇಳುತ್ತೆ. ಹೊಳಪು ಹೋಗಿ ಮಂಕಾಗುತ್ತೆ. ತೊಟ್ಟು ಹಸಿರು ಹೋಗಿ ಒಣಗಿದ ಬೆಂಡಿನ ಹಾಗೆ ಗೆರೆ ಗೆರೆ ಆಗುತ್ತೆ. ನೆಲಕ್ಕೆ ತಾಗಿರೋ ಮಚ್ಚೆ ಬಿಳಿ ಇದ್ದಿದ್ದು ಕಡು ಹಳದಿ ಆಗುತ್ತೆ. ಹೆಬ್ಬೆರಳ ಉಗುರು ಒತ್ತಿ ನೋಡಿ, ಸಿಪ್ಪೆಗೆ ಇಳಿದ್ರೆ ಇನ್ನೂ ಹತ್ತು ದಿನ ಬಿಡಿ, ಇಳಿಯದೇ ಜಾರಿದ್ರೆ ಕೊಯ್ಯಿ. ಅದಕ್ಕೆ ಒಂದು ವಾರ ಹತ್ತು ದಿನ ಮುಂಚೆ ನೀರು ನಿಲ್ಲಿಸಿ. ಕಾಯಿ ನೆಲದ ಮೇಲಿರೋವಷ್ಟು ದಿನ ಕೆಳಗೆ ರಾಗಿ ಹುಲ್ಲಿನ ಸಿಂಬೆ ಇಟ್ಟಿರಿ, ಚಪ್ಪರದ ಮೇಲೆ ಬಿಟ್ಟಿದ್ರೆ ಈರುಳ್ಳಿ ಬಲೆ ಚೀಲದಲ್ಲಿ ತೊಟ್ಟಿಲು ಕಟ್ಟಿ.

ಕೀಳಬೇಡಿ, ತಿರುಚಬೇಡಿ, ಹರಿತವಾದ ಕುಡುಗೋಲಲ್ಲಿ ಮೂರು ಇಂಚು ತೊಟ್ಟು ಬಿಟ್ಟು ಕೊಯ್ಯಿ. ತೊಟ್ಟು ಹಿಡಿದು ಎತ್ತೋದು ಎಲ್ಲರೂ ಮಾಡೋ ತಪ್ಪು, ತೊಟ್ಟು ಮುರಿದ ಕಾಯಿ ಆ ತೂತಿಂದಾನೇ ಕೊಳೆಯುತ್ತೆ. ಎರಡು ಕೈ ಕೆಳಗೆ ಕೊಟ್ಟು ಎತ್ತಿ ಮಂಕರೀಲಿ ಹುಲ್ಲು ಹಾಸಿ ಇಡಿ. ಮಳೆ ಬಿದ್ದು ಒದ್ದೆ ಇರೋ ದಿನ ಕೊಯ್ಲು ಬೇಡ.

ಹದ ಮಾಡಿ ಇಡೋದು

ಕೊಯ್ದ ಕಾಯೀನ ತೊಳೀಬೇಡಿ, ಒಣ ಬಟ್ಟೇಲಿ ಮಣ್ಣು ಒರೆಸಿ. ಮಳೆ ಇಬ್ಬನಿ ತಾಗದ, ಬೆಚ್ಚಗಿರೋ, ಗಾಳಿಯಾಡೋ ಜಗಲೀಲಿ 10 ದಿನ ಬಿಡಿ, ಎರಡು ದಿನಕ್ಕೊಮ್ಮೆ ಮಗ್ಗುಲು ತಿರುಗಿಸಿ. ಸಿಪ್ಪೆ ಇನ್ನೂ ಗಟ್ಟಿ ಆಗುತ್ತೆ, ಸಣ್ಣ ಪುಟ್ಟ ಗೀರು ಒಣಗುತ್ತೆ, ತೊಟ್ಟು ಕಟ್ಟಿಗೆ ಹಾಗೆ ಆಗುತ್ತೆ. ಆಮೇಲೆ ಅಟ್ಟದ ಮೇಲೆ ರಾಗಿ ಹುಲ್ಲು ಹಾಸಿ ಒಂದಕ್ಕೊಂದು ತಾಗದ ಹಾಗೆ ಸಾಲಾಗಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ, ಸಿಮೆಂಟ್ ನೆಲದ ಮೇಲೆ ನೇರ ಇಡಬೇಡಿ, ಅಡಿಗೆ ತೇವ ಹಿಡಿಯುತ್ತೆ. ಇಡೀ ಕಾಯಿ ಫ್ರಿಜ್ಜಿಗೆ ಬೇಡ, ಆ ಚಳಿ ಅದಕ್ಕೆ ಆಗಿಬರಲ್ಲ. ಬೇಸಿಗೆ ಬೆಳೆ ಮಾಡಿದೋರು ಮಾವಿನ ಹಣ್ಣು ಹಾಕಿರೋ ಕೋಣೇಲಿ ಇಡಬೇಡಿ, ಮಾಗೋ ಹಣ್ಣಿನ ಗಾಳಿಗೆ ಇವೂ ಬೇಗ ಕೆಡ್ತವೆ.

ಹೀಗಿಟ್ರೆ ಮೂರು ತಿಂಗಳು ಆರಾಮಾಗಿ ಇರುತ್ತೆ. ಕೊಯ್ದ ದಿನಕ್ಕಿಂತ ಒಂದು ತಿಂಗಳು ಬಿಟ್ಟು ತಿಂದ್ರೆ ಸಿಹಿ ಜಾಸ್ತಿ, ಒಳಗಿನ ಪಿಷ್ಟ ಸಕ್ಕರೆ ಆಗಿರುತ್ತೆ. ನಮ್ಮನೇಲಿ ಅಕ್ಟೋಬರಿನ ಕೊನೆಯ ಕೊಯ್ಲಿನ ಎರಡು ಕಾಯಿ ಸಂಕ್ರಾಂತಿಗೆ ಅಂತಾನೇ ಎತ್ತಿಡೋದು, ಅವರೆಕಾಳು ಜೊತೆ ಹುಳಿ ಮಾಡಿದಾಗ ಬೆಲ್ಲ ಹಾಕೋ ಅಗತ್ಯ ಇರಲ್ಲ. ವಾರಕ್ಕೊಮ್ಮೆ ಅಟ್ಟ ಹತ್ತಿ ಒಂದೊಂದನ್ನೂ ಬೆರಳಲ್ಲಿ ತಟ್ಟಿ ಅಡಿ ಮುಟ್ಟಿ ನೋಡಿ, ಮೆತ್ತಗಾಗಿದ್ದು ಸಿಕ್ಕಿದ್ರೆ ಅವತ್ತೇ ಕತ್ತರಿಸಿ.

ಕತ್ತರಿಸಿದಾಗ ತಿರುಳು ಕಹಿ ಅನ್ಸಿದ್ರೆ ಉಗಿದು ಎಸೆದುಬಿಡಿ, ಉಪ್ಪು ಬೆಲ್ಲ ಹಾಕಿ ಸರಿ ಮಾಡೋಕೆ ಹೋಗ್ಬೇಡಿ, ಆ ಕಹಿ ಪದಾರ್ಥ ವಾಂತಿ ಭೇದಿ ತರುತ್ತೆ. ಹಾಗಲಕಾಯಿ ಪಕ್ಕ ಬೆಳೆದಿದ್ದಕ್ಕೆ ಕಹಿ ಆಯ್ತು ಅಂತಾರೆ, ಹಾಗಲ್ಲ, ಹಾಗಲಕ್ಕೂ ಕುಂಬಳಕ್ಕೂ ಕೂಡಾವಳಿ ಆಗಲ್ಲ. ಅದು ಬೀಜದಲ್ಲೇ ಬಂದಿರೋ ಗುಣ, ಆ ಕಾಯಿ ಬೀಜ ಇಟ್ಕೋಬೇಡಿ.

ಬೀಜಕ್ಕೆ ಅಂತ ಬಳ್ಳಿಯ ಒಳ್ಳೆ ಕಾಯಿ ಒಂದನ್ನ ಮೊದಲೇ ಗೊತ್ತು ಮಾಡ್ಕೊಳ್ಳಿ. ಅಕ್ಕಪಕ್ಕದಲ್ಲಿ ಬೇರೆ ಸಿಹಿಗುಂಬಳ ಇದ್ರೆ ಜೇನು ಅದರ ಪರಾಗಾನೂ ತರುತ್ತೆ, ಅದಕ್ಕೆ ನಾಳೆ ಅರಳೋ ಹೆಣ್ಣು ಮೊಗ್ಗನ್ನೂ ಗಂಡು ಮೊಗ್ಗುಗಳನ್ನೂ ಸಂಜೆಯೇ ದಾರದಲ್ಲಿ ಕಟ್ಟಿಬಿಡಿ, ಬೆಳಗ್ಗೆ ಬಿಚ್ಚಿ ಸವರಿ ಹೆಣ್ಣನ್ನ ಮತ್ತೆ ಕಟ್ಟಿ, ತೊಟ್ಟಿಗೆ ಕೆಂಪು ದಾರ ಗುರುತು ಹಾಕಿ. ಆ ಕಾಯಿ ಪೂರ್ತಿ ಬಲಿತ ಮೇಲೆ ಕೊಯ್ದು ಒಂದು ತಿಂಗಳು ಇಟ್ಟು ಒಡೆದು ಬೀಜ ತೊಳೆದು ನೆರಳಲ್ಲಿ ಒಂದು ವಾರ ಒಣಗಿಸಿ. ಬಗ್ಗಿಸಿದ್ರೆ ಬಾಗಬಾರದು, ಪಟ್ ಅಂತ ಮುರೀಬೇಕು, ಅಲ್ಲಿವರೆಗೂ ಒಣಗಿಸಿ. ಆಮೇಲೆ ಒಲೆ ಬೂದಿ ಕಲಸಿ ಗಾಜಿನ ಬಾಟಲಿಗೆ ಹಾಕಿ ಮೇಲೆ ತಳಿ ಹೆಸರು, ತಿಂಗಳು, ವರ್ಷ ಬರೆದಿಡಿ.